ಗದ್ದೆ ನಿಮ್ಮದೇ ಇರಲಿ, ಅತಿಥಿಯೂ ಬರಲಿ

ಕೊಪ್ಪಳ ಜಿಲ್ಲೆಯ ಪ್ರವಾಸೋದ್ಯಮದ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಗಂಗಾವತಿ, ಕುಕನೂರು, ಕಿನ್ನಾಳ, ಆನೆಗೊಂದಿ ಕಡೆಯಿಂದ ತುಂಬಾ ಪತ್ರ ಬಂದಿವೆ. ಎಲ್ಲಕ್ಕೂ ಇಲ್ಲಿ ಜಾಗ ಸಾಲದು. ಹೆಚ್ಚು ಜನ ಕೇಳಿದ್ದನ್ನು ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸಾಣಾಪುರದ ಹತ್ತಿರ ನಮ್ಮದು ಎರಡು ಎಕರೆ ಭತ್ತದ ಗದ್ದೆ. ಹೊರಗಿನವರೊಬ್ಬರು ಹದಿನೈದು ವರ್ಷಕ್ಕೆ ಲೀಸ್ ಕೇಳುತ್ತಿದ್ದಾರೆ. ಕಾಟೇಜ್ ಕಟ್ಟುತ್ತಾರಂತೆ. ಭತ್ತದಲ್ಲಿ ಬರುವುದಕ್ಕಿಂತ ಜಾಸ್ತಿ ಕೊಡ್ತೀವಿ ಅಂತಾರೆ. ಮಗ ಕೊಡೋಣ ಅಂತಾನೆ, ನನಗೆ ಧೈರ್ಯ ಬರುತ್ತಿಲ್ಲ. ಏನು ಮಾಡಲಿ? (ರೈತರು, ಗಂಗಾವತಿ ತಾಲ್ಲೂಕು)

ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ, ಮಗನಿಗೂ ಓದಿಸಿ.

ವಿರುಪಾಪುರ ಗಡ್ಡಿ ನಿಮಗೆ ಗೊತ್ತೇ ಇದೆ. ಹಂಪಿಯಿಂದ ಹೊಳೆ ದಾಟಿದರೆ ಸಿಗುವ ಜಾಗ. ಒಂದು ಕಾಲಕ್ಕೆ ದೇಶ ವಿದೇಶದ ಹುಡುಗರು ವಾರಗಟ್ಟಲೆ ಅಲ್ಲೇ ಇರುತ್ತಿದ್ದರು, ಸಾಲು ಸಾಲು ರೆಸಾರ್ಟ್, ಅಡುಗೆಯವರು, ಬೈಕ್ ಬಾಡಿಗೆಯವರು, ಬಟ್ಟೆ ಒಗೆಯುವವರು, ಎಷ್ಟೋ ಮನೆಗಳ ಒಲೆ ಅದರ ಮೇಲೇ ಉರಿಯುತ್ತಿತ್ತು. ಆದರೆ ಅದು ಸಂರಕ್ಷಿತ ಸ್ಮಾರಕಗಳ ಪ್ರದೇಶ. ಕೇಸು ವರ್ಷಗಟ್ಟಲೆ ನಡೆಯಿತು. ಕೊನೆಗೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಟ್ಟಡಗಳು ಅಕ್ರಮ ಅಂತ ಹೇಳಿತು, ಮುಂದಿನ ತಿಂಗಳೇ ಜೆಸಿಬಿ ಬಂದವು. ದುಡ್ಡು ಹಾಕಿದ ದೊಡ್ಡವರು ಬೇರೆ ಕಡೆ ಹೋಗಿ ಬೇರೆ ವ್ಯವಹಾರ ಮಾಡಬಹುದು. ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು ಹೇಳಿ?

ನಿಮ್ಮ ಜಮೀನಿಗೂ ಇದೇ ಪ್ರಶ್ನೆ ಬರುತ್ತದೆ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂದದ್ದು 2002ರ ಕಾಯ್ದೆಯಿಂದ. ಅದರ ವ್ಯಾಪ್ತಿ ಹೊಳೆಯ ಆಚೆಗೇ ಮುಗಿಯುವುದಿಲ್ಲ. ಆನೆಗೊಂದಿ, ಸಾಣಾಪುರ ಕಡೆಯ ಹಳ್ಳಿಗಳೂ ಅದರೊಳಗೆ ಬರುತ್ತವೆ. ಕೃಷಿ ಭೂಮಿಯಲ್ಲಿ ಕಾಟೇಜ್ ಕಟ್ಟಬೇಕಾದರೆ ಭೂ ಪರಿವರ್ತನೆ ಆಗಬೇಕು, ಪ್ರಾಧಿಕಾರದ ಒಪ್ಪಿಗೆ ಬೇಕು. ಸ್ಮಾರಕ ಹತ್ತಿರ ಇದ್ದರೆ ಕಾನೂನು ಇನ್ನೂ ಬಿಗಿ: ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗೇ ಇಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಇಲ್ಲದೆ ಕಟ್ಟುವ ಹಾಗಿಲ್ಲ. ಲೀಸ್ ಕೇಳುವವರು ಈ ಕಾಗದಗಳನ್ನು ತೋರಿಸಿದರಾ? "ಎಲ್ಲಾ ನಾವು ನೋಡ್ಕೋತೀವಿ" ಅಂದಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ. ನೋಟಿಸ್ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೂ ಕೂಡ.

ಕಾನೂನು ಬಿಡಿ, ವ್ಯಾಪಾರದ ಲೆಕ್ಕವನ್ನೇ ನೋಡೋಣ. ಜನ ನಿಮ್ಮೂರಿಗೆ ಯಾಕೆ ಬರುತ್ತಾರೆ? ಗುಂಡುಗಲ್ಲಿನ ಬೆಟ್ಟದ ಬುಡದಲ್ಲಿ ಹಸಿರು ಗದ್ದೆ, ನಡುವೆ ತೆಂಗು, ಕಾಲುವೆಯಲ್ಲಿ ನೀರು. ಇಂಥ ನೋಟ ಬೇರೆ ಕಡೆ ಸುಲಭವಾಗಿ ಸಿಗುವುದಿಲ್ಲ. ಆನೆಗೊಂದಿ ಸುತ್ತಮುತ್ತಲ ಕೆಲವು ಕಾಲುವೆಗಳು ವಿಜಯನಗರದ ಕಾಲದವು, ಇವತ್ತಿಗೂ ಅದೇ ನೀರಿನಲ್ಲಿ ನಾಟಿ ಆಗುತ್ತದೆ. ಆ ಗದ್ದೆಯನ್ನೇ ಮುಚ್ಚಿ ಅದರ ಮೇಲೆ ಕಾಟೇಜ್ ಹಾಕಿದರೆ ಅತಿಥಿ ಕಿಟಕಿ ತೆಗೆದು ನೋಡುವುದು ಏನನ್ನು? ಪಕ್ಕದ ಕಾಟೇಜಿನ ಗೋಡೆಯನ್ನಾ?

ಬದಲಿಗೆ ನಿಮ್ಮ ಮನೆಯನ್ನು ನೋಡಿ. ಒಂದು ಎರಡು ಕೋಣೆ ಖಾಲಿ ಇದ್ದರೆ ಸಾಕು. ಸ್ವಚ್ಛ ಬಾತ್‌ರೂಮು, ಸೊಳ್ಳೆ ಪರದೆ, ಒಳ್ಳೆಯ ಹಾಸಿಗೆ, ಅಂಗಳದಲ್ಲಿ ಕೂರಲು ಜಾಗ. ಹೋಂಸ್ಟೇ ಅನ್ನಬೇಕಾದರೆ ಮನೆಯವರು ಅಲ್ಲೇ ವಾಸ ಇರಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ವಿದೇಶದವರು ಉಳಿದರೆ ಅವರ ವಿವರ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕು. ನಿಮ್ಮ ಮಗನಿಗೆ ಮೊಬೈಲ್ ಚೆನ್ನಾಗಿ ಬರುತ್ತದೆ ಅಂದುಕೊಳ್ಳುತ್ತೇನೆ, ಈ ಕೆಲಸ ಅವನಿಗೇ ವಹಿಸಿ. ಲೀಸ್‌ನಷ್ಟು ದುಡ್ಡು ಮೊದಲ ವರ್ಷ ಬರಲಿಕ್ಕಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗದ್ದೆ ನಿಮ್ಮದೇ ಇರುತ್ತದೆ, ಭತ್ತವೂ ಬರುತ್ತದೆ, ಮಗನೂ ಕೆಲಸ ಹುಡುಕಿಕೊಂಡು ಬೆಂಗಳೂರು ಬಸ್ ಹತ್ತಬೇಕಾಗಿಲ್ಲ.

ಪ್ರಶ್ನೆ: ಪ್ರವಾಸ ಅಂದರೆ ಎಲ್ಲರೂ ಹಂಪಿ, ಅಂಜನಾದ್ರಿ ಅಂತಾರೆ. ನಮ್ಮ ಜಿಲ್ಲೆಯಲ್ಲಿ ಬೇರೆ ಏನೂ ಇಲ್ವಾ? ನಾನು ಗೈಡ್ ಆಗಬೇಕು ಅಂತಿದ್ದೇನೆ. (ಪದವಿ ವಿದ್ಯಾರ್ಥಿನಿ, ಕೊಪ್ಪಳ)

ಇದೆ, ತುಂಬಾ ಇದೆ. ನಿಮ್ಮ ಊರಿನಿಂದಲೇ ಶುರು ಮಾಡಿ. ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನ ಇದೆ, ಸ್ವಲ್ಪ ದೂರದ ಪಾಲ್ಕಿಗುಂಡಿನಲ್ಲಿ ಇನ್ನೊಂದು. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿ ಶಾಸನ 1915ರಲ್ಲಿ ಸಿಕ್ಕಿದಾಗಲೇ ಅಲ್ವಾ, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅನ್ನುವ ರಾಜ ಅಶೋಕನೇ ಅಂತ ಖಚಿತ ಆದದ್ದು. ಈ ಮೂರನ್ನೂ ಸೇರಿಸಿ ಹೇಳುವ ಗೈಡ್ ಇದ್ದರೆ ಕೇಳುವವರು ಖಂಡಿತ ಇರುತ್ತಾರೆ.

ಇಟಗಿಗೆ ಹೋಗಿದ್ದೀರಾ? ಅಲ್ಲಿನ ಮಹಾದೇವ ದೇವಾಲಯ 1112ರದ್ದು. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅಲ್ಲಿನ ಶಾಸನ ಇದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಒಳಗೆ ಕಂಬಗಳ ಹತ್ತಿರ ನಿಂತು ನೋಡಿ. ಕಲ್ಲನ್ನು ತಿರುಗಿಸಿ ಕಡೆದ ಹಾಗೆ ದುಂಡನೆಯ ಬಳೆ ಬಳೆ, ಅಂಚು ಇನ್ನೂ ಚೂಪಾಗಿದೆ, ಮೇಲೆ ಕೈ ಆಡಿಸಿದರೆ ನುಣುಪು. ಹತ್ತಿರದ ಕುಕನೂರಿನ ನವಲಿಂಗ ಗುಡಿ ಇದಕ್ಕಿಂತಲೂ ಹಳೆಯದು, ರಾಷ್ಟ್ರಕೂಟರ ಕಾಲದ್ದು. ಎರಡೂ ಸೇರಿ ಒಂದು ದಿನಕ್ಕೆ ಆರಾಮ. ಕನಕಗಿರಿ ಬಗ್ಗೆ ನಾನು ಹೇಳಬೇಕಾಗಿಲ್ಲ, "ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಅಂತ ಜನರೇ ಹೇಳಿಬಿಟ್ಟಿದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಹಿರೇಬೆಣಕಲ್. ಗಂಗಾವತಿ ಹತ್ತಿರ, ಊರಿನಿಂದ ಬಂಡೆ ಬಂಡೆಗಳ ನಡುವೆ ಹತ್ತಿ ಹೋಗಬೇಕು. ಮೋರ್ಯರ ಗುಡ್ಡ ಅಂತ ಊರವರು ಕರೆಯುತ್ತಾರೆ. ಮೇಲೆ ಸಮತಟ್ಟು ಜಾಗದಲ್ಲಿ ನಾನೂರರ ಆಸುಪಾಸು ಶಿಲಾಸಮಾಧಿಗಳು. ನಾಲ್ಕು ಕಲ್ಲು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದಾರೆ, ಎಷ್ಟೋ ಸಮಾಧಿಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಿಂದೆ, ಆ ಕಲ್ಲಿನಲ್ಲಿ, ಅಷ್ಟು ಸರಿಯಾದ ದುಂಡು! ಬಂಡೆಗಳಡಿ ಬೇಟೆ, ಕುಣಿತದ ಚಿತ್ರಗಳಿವೆ. ಒಂದು ಎತ್ತರದ ಬಂಡೆಯ ಮೇಲೆ ಕಲ್ಲಿನ ನಗಾರಿ ಇದೆ. ಹೊಡೆದರೆ ದೂರದವರೆಗೂ ಕೇಳುತ್ತದೆ, ಅದಕ್ಕೇ ಹೋದವರೆಲ್ಲ ಕಲ್ಲು ತೆಗೆದುಕೊಂಡು ಕುಟ್ಟುತ್ತಾರೆ. ಗೈಡ್ ಆಗುವವರು ನೀವು, ದಯವಿಟ್ಟು ಅದನ್ನು ತಡೆಯಿರಿ. 2021ರಲ್ಲಿ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ ಬರುತ್ತಾರೆ, ನಿಧಿ ಹುಡುಕುವವರ ಕಣ್ಣೂ ಬೀಳುತ್ತದೆ. ಅಲ್ಲಿಗೆ ಊರಿನ ಹುಡುಗ ಹುಡುಗಿಯರೇ ಕರೆದುಕೊಂಡು ಹೋಗುವ ಹಾಗಾಗಬೇಕು, ಒಂದು ಸಲಕ್ಕೆ ಸಣ್ಣ ಗುಂಪು, ದಿನಕ್ಕೆ ಇಷ್ಟೇ ಅಂತ ಮಿತಿ. ದಾರಿ ಗೊತ್ತಿರುವ ಕುರಿಗಾಹಿಗಳಿಗಿಂತ ಒಳ್ಳೆಯ ಕಾವಲು ಆ ಗುಡ್ಡಕ್ಕೆ ಇನ್ಯಾರು?

ಒಂದು ಸಲಹೆ. ಮೊದಲೇ ಹತ್ತು ಜಾಗ ಹಿಡಿಯಬೇಡಿ. ಒಂದನ್ನು ಆರಿಸಿಕೊಂಡು ಅದರ ಶಾಸನ, ಕಥೆ, ಗಿಡ, ಹಕ್ಕಿ, ಊರಿನ ಹಬ್ಬ ಎಲ್ಲ ಕಲಿಯಿರಿ. ಬಂದವರು ಅರ್ಧ ಗಂಟೆ ನೋಡಿ ಹೋಗುವ ಕಡೆ ಅರ್ಧ ದಿನ ಉಳಿದರೆ ಊಟವೂ ಅಲ್ಲೇ ಆಗುತ್ತದೆ, ಊರಿಗೆ ನಾಲ್ಕು ಕಾಸು ಬರುವುದು ಹಾಗೆ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದಲ್ಲಿ ಹನ್ನೆರಡು ಜನ ಇದ್ದೇವೆ. ಪ್ರವಾಸಿಗರಿಗೆ ಊಟ ಮಾಡಿ ಕೊಡಬೇಕು ಅಂತ ಆಸೆ. ನಾರ್ತ್ ಇಂಡಿಯನ್ ಕಲಿಯಬೇಕಾ? ರೇಟು ಹೇಗೆ ಇಡೋದು? (ಆನೆಗೊಂದಿ)

ಬೇಡವೇ ಬೇಡ. ಪನೀರ್ ಬಟರ್ ಮಸಾಲ ತಿನ್ನಲು ಯಾರೂ ಆನೆಗೊಂದಿವರೆಗೆ ಬರುವುದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು, ಹಬ್ಬದ ದಿನ ಮಾದಲಿ. ಖಾರ ಮಾತ್ರ ಸ್ವಲ್ಪ ಕಡಿಮೆ ಮಾಡಿ. ರೊಟ್ಟಿ ಬಡಿಯುವುದನ್ನು ಎದುರಿಗೇ ತೋರಿಸಿ, ಬಂದವರಿಗೂ ಒಂದು ಬಡಿಯಲು ಕೊಡಿ. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಊರೂರಿನ ಹೆಣ್ಣುಮಕ್ಕಳು ಲಕ್ಷಗಟ್ಟಲೆ ರೊಟ್ಟಿ ಮಾಡಿ ಕಳಿಸುತ್ತಾರೆ, ಗಾಡಿಗಟ್ಟಲೆ ಬರುತ್ತದೆ. ಅಷ್ಟು ಜನಕ್ಕೆ ಉಣಿಸುವ ಜಿಲ್ಲೆಗೆ ಹನ್ನೆರಡು ಜನರ ಸಂಘ ನಡೆಸುವುದು ದೊಡ್ಡ ಮಾತಲ್ಲ.

ರೇಟಿನ ವಿಷಯ. ನಮ್ಮ ಹೆಣ್ಣುಮಕ್ಕಳು ಜೋಳ, ಎಣ್ಣೆ, ಗ್ಯಾಸಿನ ಲೆಕ್ಕ ಬರೆಯುತ್ತಾರೆ, ತಮ್ಮ ಕೂಲಿ ಬರೆಯುವುದೇ ಇಲ್ಲ. ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಗದ್ದೆಗೆ ಹೋದರೆ ದಿನಕ್ಕೆ ಎಷ್ಟು ಸಿಗುತ್ತಿತ್ತೋ ಅದಕ್ಕಿಂತ ಕಡಿಮೆ ಆಗಬಾರದು. ಹಿಂದಿನ ದಿನವೇ ಹೇಳಿದವರಿಗೆ ಮಾತ್ರ ಊಟ ಅನ್ನಿ, ಆಗ ಏನೂ ಹಾಳಾಗುವುದಿಲ್ಲ. ಸ್ಟೀಲ್ ತಟ್ಟೆ, ಇಲ್ಲವೇ ಬಾಳೆ ಎಲೆ. ನಿಮ್ಮೂರಲ್ಲಿ ಬಾಳೆಗೇನು ಬರ? ಬಾಳೆ ನಾರಿನಲ್ಲಿ ಬ್ಯಾಗು, ಚಾಪೆ, ಟೋಪಿ ಮಾಡುವ ಹೆಣ್ಣುಮಕ್ಕಳೂ ಆನೆಗೊಂದಿಯಲ್ಲೇ ಇದ್ದಾರೆ, ಊಟದ ಜಾಗದಲ್ಲೇ ಅವರ ಸಾಮಾನಿಗೂ ಒಂದು ಕಟ್ಟೆ ಬಿಡಿ.

ಪ್ರಶ್ನೆ: ತೆಪ್ಪ ನಡೆಸುವುದು ನಮ್ಮ ಕಸುಬು. ರೀಲ್ಸ್ ಮಾಡುವವರು ಜೋರಾಗಿ ತಿರುಗಿಸಿ ಅಂತಾರೆ, ನೀರಿಗೆ ಹಾರುತ್ತಾರೆ. ಬೇಡ ಅಂದರೆ ಬೇರೆಯವರ ತೆಪ್ಪಕ್ಕೆ ಹೋಗುತ್ತಾರೆ. (ಓದುಗರು, ಆನೆಗೊಂದಿ ಹೋಬಳಿ)

ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ತೆಪ್ಪಗಳ ಬಗ್ಗೆ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಅಂತ. ಐನೂರು ವರ್ಷದ ಕಸುಬು ನಿಮ್ಮದು. ತುಂಗಭದ್ರೆಯ ಸುಳಿ, ಬಂಡೆಯ ಅಡಿಯ ಪೊಳ್ಳು, ಡ್ಯಾಮಿನಿಂದ ನೀರು ಬಿಟ್ಟಾಗ ಏರುವ ರೀತಿ ನಿಮಗೆ ಗೊತ್ತು, ಊರಿಗೆ ಹೊಸದಾಗಿ ಬಂದವರಿಗೆ ಗೊತ್ತಿಲ್ಲ. ಮೇಲಿನಿಂದ ನೋಡಿದರೆ ನೀರು ಶಾಂತವಾಗಿಯೇ ಕಾಣುತ್ತದೆ.

ಒಬ್ಬರೇ ಬೇಡ ಅಂದರೆ ನಡೆಯದು. ತೆಪ್ಪದವರೆಲ್ಲ ಕೂತು ಒಂದೇ ಮಾತು ಮಾಡಿಕೊಳ್ಳಿ. ಲೈಫ್ ಜಾಕೆಟ್ ಇಲ್ಲದೆ ಹತ್ತಿಸಬಾರದು, ಕುಡಿದವರನ್ನು ಹತ್ತಿಸಬಾರದು, ಎಲ್ಲರದೂ ಒಂದೇ ರೇಟು, ಸರದಿ ಪ್ರಕಾರ ಬಾಡಿಗೆ. ಸರದಿ ಇದ್ದರೆ ಗಿರಾಕಿ ಕಿತ್ತುಕೊಳ್ಳುವ ಜಗಳವೇ ಇರುವುದಿಲ್ಲ. ನಿಯಮವನ್ನು ಪಂಚಾಯಿತಿಯಲ್ಲಿ ಬರೆಸಿ, ದಡದಲ್ಲಿ ಬೋರ್ಡು ಹಾಕಿಸಿ. ಕತ್ತಲಾದ ಮೇಲೆ ಯಾರನ್ನೂ ದಂಡೆಯಲ್ಲಿ ಬಿಡಬೇಡಿ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಬಳಿ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ದಾಳಿ ಆಗಿ ಒಬ್ಬರು ಜೀವ ಕಳೆದುಕೊಂಡರು. ಆ ನೋವು ಈ ಭಾಗದ ಯಾರಿಗೂ ಮರೆತಿಲ್ಲ. ದೀಪ, ಪೊಲೀಸ್ ಗಸ್ತು ಕೇಳುವುದು ನಿಮ್ಮ ಹಕ್ಕು, ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ವಿಷಯ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದೆ. ಬೆಳಗಿನ ಹೊತ್ತು ಸದ್ದಿಲ್ಲದೆ ತೆಪ್ಪ ಬಿಟ್ಟರೆ ಬಂಡೆಯ ಮೇಲೆ ಮರಿ ಸಮೇತ ಕಾಣಲೂಬಹುದು. ಸ್ಪೀಕರ್ ಹಾಕಿಕೊಂಡು ಬರುವವರಿಗಿಂತ ಇದನ್ನು ನೋಡಲು ಬರುವವರು ಒಳ್ಳೆಯ ಗಿರಾಕಿಗಳು.

ಪ್ರಶ್ನೆ: ನಾವು ಕಿನ್ನಾಳ ಗೊಂಬೆ ಮಾಡುವವರು. ಬಂದವರು ಬೆಲೆ ಕೇಳಿ "ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತೆ" ಅಂತ ಹೋಗಿಬಿಡ್ತಾರೆ.

ಗೊಂಬೆ ಇಟ್ಟ ಕಡೆ ಕೂರಿಸಬೇಡಿ, ಕೆಲಸ ಮಾಡುವ ಕಡೆ ಕೂರಿಸಿ. ಹಗುರ ಮರ ಕೆತ್ತುವುದು, ಹುಣಸೆ ಬೀಜದ ಅಂಟಿನಲ್ಲಿ ತುಂಡುಗಳನ್ನು ಕೂಡಿಸುವುದು, ಬಟ್ಟೆ ಅಂಟಿಸಿ ಕಲ್ಲಿನ ಪುಡಿ ಬಳಿದು ಒಣಗಿಸುವುದು, ಕೊನೆಗೆ ಬಣ್ಣ, ಕಣ್ಣು. ಇಷ್ಟು ನೋಡಿದ ಮೇಲೆ ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ. ಮಕ್ಕಳಿಗೆ ಒಂದು ಸಣ್ಣ ಗೊಂಬೆಗೆ ಬಣ್ಣ ಹಚ್ಚಲು ಕೊಟ್ಟು ಅದಕ್ಕೂ ಶುಲ್ಕ ತೆಗೆದುಕೊಳ್ಳಿ. ಕಿನ್ನಾಳ ಗೊಂಬೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಅದನ್ನು ಚೀಟಿಯಲ್ಲಿ ಬರೆದು ಪ್ರತಿ ಗೊಂಬೆಗೂ ಕಟ್ಟಿ.

ಪ್ರಶ್ನೆ: ಅಂಜನಾದ್ರಿಗೆ ಬರುವವರ ಪ್ಲಾಸ್ಟಿಕ್ ಬಾಟಲಿ ಆರಿಸಿ ಸಾಕಾಗಿದೆ. ಏನಾದರೂ ದಾರಿ ಇದೆಯಾ? (ಯುವಕ ಸಂಘ)

ನೀವು ಆರಿಸುತ್ತಿದ್ದೀರಲ್ಲ, ಅದಕ್ಕೆ ಮೊದಲು ನಮಸ್ಕಾರ. 575 ಮೆಟ್ಟಿಲು ಹತ್ತುವವರಿಗೆ ಬಾಯಾರಿಕೆ ಆಗಿಯೇ ಆಗುತ್ತದೆ. ನೀರು ಸಿಗದಿದ್ದರೆ ಬಾಟಲಿ ತರುತ್ತಾರೆ. ಬುಡದಲ್ಲಿ, ನಡುವೆ, ಮೇಲೆ ಕುಡಿಯುವ ನೀರಿನ ನಲ್ಲಿ ಬೇಕು. ಬಾಟಲಿಗೆ ಬುಡದಲ್ಲೇ ಸ್ಟಿಕ್ಕರ್ ಅಂಟಿಸಿ ಸ್ವಲ್ಪ ಠೇವಣಿ ಇಟ್ಟುಕೊಂಡು, ವಾಪಸ್ ತಂದವರಿಗೆ ಕೊಡುವ ಪದ್ಧತಿ ಎಷ್ಟೋ ಕಡೆ ಇದೆ. ಹನುಮಮಾಲೆ ವಿಸರ್ಜನೆಯಂಥ ದೊಡ್ಡ ದಿನಗಳಲ್ಲಿ ಸಾಧ್ಯವಾಗದು, ಮಾಮೂಲಿ ಶನಿವಾರಗಳಿಂದ ಶುರು ಮಾಡಿ. ಅಂಗಡಿಯವರನ್ನು ಎದುರು ಹಾಕಿಕೊಳ್ಳಬೇಡಿ, ಠೇವಣಿ ಲೆಕ್ಕ ಅವರ ಕೈಗೇ ಕೊಡಿ.

ಪ್ರಶ್ನೆ: ಮಂಗಳೂರಿನಿಂದ ಕುಟುಂಬ ಸಮೇತ ಬರಬೇಕು ಅಂತಿದ್ದೇವೆ. ಯಾವಾಗ ಬರೋದು ಒಳ್ಳೇದು?

ಅಕ್ಟೋಬರ್‌ನಿಂದ ಫೆಬ್ರವರಿ. ಜನವರಿಯಲ್ಲಿ ಬಂದರೆ ಗವಿಮಠದ ಜಾತ್ರೆಯ ದಿನ ನೋಡಿಕೊಂಡು ಬನ್ನಿ, ರೂಮು ಮಾತ್ರ ಮೊದಲೇ ಬುಕ್ ಮಾಡಿ. ಏಪ್ರಿಲ್, ಮೇನಲ್ಲಿ ಬಂಡೆ ಕಾದು ಕಾಲಿಡಲಾಗುವುದಿಲ್ಲ, ಮಕ್ಕಳಿದ್ದರಂತೂ ಬೇಡ. ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ. ಹಂಪಿಗೆ ಒಂದು ದಿನ, ಆನೆಗೊಂದಿ, ಹಿರೇಬೆಣಕಲ್‌ಗೆ ಒಂದು, ಕಿನ್ನಾಳ, ಇಟಗಿ, ಕುಕನೂರಿಗೆ ಒಂದು. ರೈಲಿಗೆ ಕೊಪ್ಪಳದಲ್ಲೇ ಇಳಿಯಬಹುದು.