ಎರಡು ಶಿಡೊ ಇದ್ದವರು ಸೋತ ಹಾಗೆ ಅಲ್ಲ

ಜೂಡೊ ಪಂದ್ಯದ ನಾಲ್ಕು ನಿಮಿಷ ಮುಗಿದಾಗ ಒಬ್ಬರಿಗೆ ಎರಡು ಶಿಡೊ (ಸಣ್ಣ ತಪ್ಪಿಗೆ ಕೊಡುವ ದಂಡನೆ), ಇನ್ನೊಬ್ಬರಿಗೆ ಒಂದೂ ಇಲ್ಲ, ಆದರೂ ಯಾಕೆ ಗೆಲುವು ಕೊಡಲಿಲ್ಲ ಅಂತ ಕೇಳಿದ್ದೀರಿ. ಮೊದಲು ಶಿಡೊ ಕಡಿಮೆ ಇದ್ದವರೇ ಗೆಲ್ಲುತ್ತಿದ್ದರು, ಈಗ ಹಾಗಿಲ್ಲ. ಅಂಕ ಸಮ ಇದ್ದರೆ ಗೋಲ್ಡನ್ ಸ್ಕೋರ್ (ಮೊದಲು ಅಂಕ ಪಡೆದವರೇ ಗೆಲ್ಲುವ ಹೆಚ್ಚುವರಿ ಆಟ) ಶುರು, ಅದಕ್ಕೆ ಸಮಯದ ಮಿತಿಯೇ ಇಲ್ಲ.

ಆದರೆ ಆ ಎರಡು ಶಿಡೊ ಅಳಿಸಿ ಹೋಗುವುದಿಲ್ಲ, ಜೊತೆಗೇ ಬರುತ್ತವೆ. ಮೂರನೆಯದು ಬಿದ್ದರೆ ಹನ್ಸೊಕುಮಾಕೆ, ಅಂದರೆ ಅನರ್ಹತೆ, ಅಲ್ಲಿಗೆ ಪಂದ್ಯ ಮುಗೀತು. ಹಾಗಾಗಿ ಎರಡು ಶಿಡೊ ಇದ್ದವರು ಸುಮ್ನೆ ನಿಲ್ಲುವಂತಿಲ್ಲ, ಸುಳ್ಳು ದಾಳಿ ಮಾಡಿದರೂ ಶಿಡೊ, ಹಿಡಿತ ಸಿಗದೆ ಬೆರಳು ಸೋತು ತೋಳು ಜಾರುತ್ತಿದ್ದರೂ ನಿಜವಾದ ಎಸೆತಕ್ಕೇ ನುಗ್ಗಬೇಕು. ಎದುರಾಳಿ ಕಾಯುವುದು ಅದನ್ನೇ, ತಿರುಗೇಟು ಹಾಕೋಕೆ.

2020ರ ಡಿಸೆಂಬರ್‌ನಲ್ಲಿ ಟೋಕಿಯೊದ ಜೂಡೊ ಕೇಂದ್ರ ಕೊಡೊಕಾನ್‌ನಲ್ಲಿ ಜಪಾನಿನ ಆಟಗಾರರಾದ ಅಬೆ ಹಿಫುಮಿ ಮತ್ತು ಮರುಯಾಮ ಜೊಶಿರೊ ಒಲಿಂಪಿಕ್ಸ್ ಸ್ಥಾನಕ್ಕಾಗಿ ಆಡಿದ್ದು ನೋಡಿ. 24 ನಿಮಿಷ! ಕೊನೆಗೆ ಅಬೆ ಒಂದು ವಾಜಾ-ಅರಿಯಿಂದ (ಪೂರ್ತಿಯಲ್ಲದ ಎಸೆತಕ್ಕೆ ಸಿಗುವ ಅಂಕ) ಗೆದ್ದರು. ನನಗಂತೂ ಶಿಡೊ ಎಣಿಸಿ ಗೆಲುವು ಕೊಡುವುದಕ್ಕಿಂತ ಇದೇ ಜಾಸ್ತಿ ನ್ಯಾಯ ಅನ್ನಿಸುತ್ತದೆ. ನೀವು ನೋಡಿದ ಪಂದ್ಯದಲ್ಲೂ ಎರಡು ಶಿಡೊ ಇದ್ದವರು ಒಂದೇ ಎಸೆತದಲ್ಲಿ ಗೆಲ್ಲಬಹುದಿತ್ತು, ಅಲ್ವಾ?