ಬಂಗಾರದ ಬಣ್ಣ ಬಂತು, ಪಂಚ್ ಮಾತ್ರ ಬಾಳಲಿಲ್ಲ

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಸಣ್ಣ ಟೂಲ್‌ರೂಮ್. ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ತಣಿಸಿ ಗಡಸು ಮಾಡುವ) ಉಕ್ಕಿನ ಪಂಚ್‌ಗಳಿಗೆ, ಅಂದರೆ ತಗಡಿನಲ್ಲಿ ತೂತು ಹೊಡೆಯುವ ಉಪಕರಣಗಳಿಗೆ, ಟೈಟಾನಿಯಂ ನೈಟ್ರೈಡ್ ಎಂಬ ಬಂಗಾರದ ಬಣ್ಣದ ಗಡಸು ಕೋಟಿಂಗ್ ಮಾಡಿಸಿದೆವು. ಬಣ್ಣವೇನೋ ಚೆನ್ನಾಗಿ ಬಂತು. ಆದರೆ ಒಂದೇ ಶಿಫ್ಟಿನಲ್ಲಿ ಅಂಚು ಮೊಂಡಾಗಿ, ಕೋಟಿಂಗ್ ಚಕ್ಕೆಚಕ್ಕೆಯಾಗಿ ಎದ್ದಿತು. ಕೋಟಿಂಗ್‌ನವರ ತಪ್ಪೇ?

ಉತ್ತರ: ಅವರೊಡನೆ ಜಗಳಕ್ಕೆ ಇಳಿಯುವ ಮೊದಲು ಪಂಚ್‌ನ ಹಿಂಬದಿಯಲ್ಲಿ ರಾಕ್‌ವೆಲ್ ಸಿ ಮಾಪನದಲ್ಲಿ ಹಾರ್ಡ್‌ನೆಸ್ (ಗಡಸುತನ) ನೋಡಿಸಿ. ಮೊದಲು 60 ಇದ್ದದ್ದು 50ರ ಆಸುಪಾಸಿಗೆ ಇಳಿದಿದ್ದರೆ ತಪ್ಪು ಉಕ್ಕಿನ ಆಯ್ಕೆಯಲ್ಲಿದೆ. ಓಎಚ್‌ಎನ್‌ಎಸ್ ಅನ್ನು ಸಾಮಾನ್ಯವಾಗಿ ಟೆಂಪರ್ ಮಾಡುವುದು (ಗಡಸಾದ ಮೇಲೆ ಪೆಡಸು ಕಳೆಯಲು ಮತ್ತೆ ಹದವಾಗಿ ಕಾಯಿಸುವುದು) 180–200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಮೇಲೆ ಅದಕ್ಕಿಂತ ಬಹಳ ಹೆಚ್ಚು ಕಾದರೆ ಉಕ್ಕು ಮೆತ್ತಗಾಗುತ್ತದೆ. ಲೋಹವನ್ನು ವಿದ್ಯುತ್ ಕಿಡಿಯಿಂದ ಆವಿಯಾಗಿಸಿ ಕೂರಿಸುವ ಆರ್ಕ್ ವಿಧಾನದ ಕೋಟಿಂಗ್ ಚೇಂಬರ್‌ನಲ್ಲಿ ಅದೇ ಪಂಚ್ 400–450 ಡಿಗ್ರಿ ಕಾಯುತ್ತದೆ. ಕೋಟಿಂಗ್‌ನ ದಪ್ಪ 2–3 ಮೈಕ್ರಾನ್, ಗಡಸುತನ ವಿಕರ್ಸ್ ಎಂಬ ಇನ್ನೊಂದು ಮಾಪನದಲ್ಲಿ ಸುಮಾರು 2000. ಕೆಳಗಿನ ಉಕ್ಕೇ ಮೆತ್ತಗಾದ ಮೇಲೆ ಅದು ಇಡ್ಲಿಯ ಮೇಲಿಟ್ಟು ಒತ್ತಿದ ಹಪ್ಪಳ.

ಮುಂದಿನ ಸಲ ಎಂ2 ಹೈಸ್ಪೀಡ್ ಸ್ಟೀಲ್ ಬಳಸಿ, 550 ಡಿಗ್ರಿಯ ಸುತ್ತಮುತ್ತ ಮೂರು ಸಲ ಟೆಂಪರ್ ಮಾಡಿಸಿ. ಡಿ2 ಎಂಬ ಟೂಲ್ ಸ್ಟೀಲ್ ಕೂಡ ನಡೆಯುತ್ತದೆ. ಆದರೆ ಅದನ್ನು 500–520 ಡಿಗ್ರಿಯಲ್ಲಿ ಟೆಂಪರ್ ಮಾಡಬೇಕೆಂದು ಹೀಟ್ ಟ್ರೀಟ್‌ಮೆಂಟ್‌ನವರಿಗೆ ಬರೆದೇ ಕೊಡಿ. ಹೇಳದಿದ್ದರೆ 200ರಲ್ಲೇ ಮುಗಿಸಿಬಿಡುವುದುಂಟು.

ಹಾರ್ಡ್‌ನೆಸ್ ಇಳಿಯದೆಯೂ ಚಕ್ಕೆ ಎದ್ದಿದ್ದರೆ ಮೇಲ್ಮೈಯನ್ನು ಅನುಮಾನಿಸಿ. ವೈರ್‌ಕಟ್ (ತಂತಿಯ ಕಿಡಿಯಿಂದ ಕೊಯ್ಯುವ ಯಂತ್ರ) ಬಿಟ್ಟ, ಕರಗಿ ಗಟ್ಟಿಯಾದ ಬಿಳಿ ಪದರ, ಗ್ರೈಂಡಿಂಗ್‌ನಲ್ಲಿ ಸುಟ್ಟ ಜಾಗ, ಸಿಲಿಕೋನ್ ಸ್ಪ್ರೇ, ಆಚೆ ಬದಿ ತೆರೆಯದ ಕುರುಡು ರಂಧ್ರದೊಳಗೆ ಉಳಿದ ಎಣ್ಣೆ: ಇವುಗಳ ಮೇಲೆ ಕೋಟಿಂಗ್ ಹಿಡಿಯುವುದಿಲ್ಲ. ಬಿಳಿ ಪದರವನ್ನು ಪಾಲಿಶ್ ಮಾಡಿ ಪೂರ್ತಿ ತೆಗೆಯಿರಿ. ಅಯಸ್ಕಾಂತದಿಂದ ಹಿಡಿಯುವ ಮ್ಯಾಗ್ನೆಟಿಕ್ ಚಕ್ ಮೇಲೆ ಕೂತ ಬಿಡಿಭಾಗವನ್ನು ಡಿಮ್ಯಾಗ್ನೆಟೈಸ್ ಮಾಡದೆ (ಕಾಂತತೆ ತೆಗೆಯದೆ) ಕಳಿಸಿದರೆ ಗ್ರೈಂಡಿಂಗ್ ಧೂಳು ಅಂಟಿಕೊಂಡೇ ಹೋಗುತ್ತದೆ. ಕ್ಯಾಡ್ಮಿಯಂ ಅಥವಾ ಸತುವಿರುವ ಬ್ರೇಜಿಂಗ್ (ಬೆಸುಗೆ) ಜೋಡಣೆ ಇದ್ದರೆ ಮೊದಲೇ ತಿಳಿಸಿ. ನಿರ್ವಾತದಲ್ಲಿ ಅದು ಆವಿಯಾಗಿ ಇಡೀ ಬ್ಯಾಚನ್ನೇ ಕೆಡಿಸುತ್ತದೆ.

ಕೋಟಿಂಗ್ ಹಿಡಿದಿದೆಯೇ ನೋಡಲು ರಾಕ್‌ವೆಲ್ ಸಿ ಗುರುತು ಒತ್ತಿಸಿ, 100 ಪಟ್ಟು ಹಿಗ್ಗಿಸಿ ನೋಡಿ. ಗುಳಿಯ ಸುತ್ತ ಕೂದಲೆಳೆಯ ಬಿರುಕುಗಳಷ್ಟೇ ಇದ್ದರೆ ಅಡ್ಡಿಯಿಲ್ಲ. ಸುತ್ತಲೂ ಸಿಪ್ಪೆ ಸುಲಿದು ಉಕ್ಕು ಕಂಡರೆ ಕೋಟಿಂಗ್‌ನವರನ್ನು ಧಾರಾಳವಾಗಿ ಕೇಳಿ.

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟ್‌ಗೆ ಆರ್ಗಾನ್–ನೈಟ್ರೋಜನ್‌ನಲ್ಲಿ ಟೈಟಾನಿಯಂ ಸ್ಪಟರಿಂಗ್ ಮಾಡಿ (ಅಯಾನುಗಳ ಹೊಡೆತದಿಂದ ಲೋಹದ ಪರಮಾಣು ಎಬ್ಬಿಸಿ) ಟೈಟಾನಿಯಂ ನೈಟ್ರೈಡ್ ಫಿಲ್ಮ್ ಕೂರಿಸುತ್ತಿದ್ದೇನೆ. ಫಿಲ್ಮ್ ಬಂಗಾರದ ಬದಲು ಕಂದು ಬಣ್ಣ ತಿರುಗಿ, ದಪ್ಪ ಏರುವ ವೇಗವೂ ಕುಸಿದಿದೆ. ನೈಟ್ರೋಜನ್ ತುಸು ತಗ್ಗಿಸಿದರೂ ಸರಿಹೋಗಲಿಲ್ಲ.

ಉತ್ತರ: ನೈಟ್ರೋಜನ್ ಹೆಚ್ಚಾಗಿ, ಟಾರ್ಗೆಟ್ (ಲೋಹ ಹೊರಡುವ ಟೈಟಾನಿಯಂ ಫಲಕ) ಮೇಲೆಯೇ ನೈಟ್ರೈಡ್ ಕಟ್ಟಿರಬೇಕು. ನೈಟ್ರೋಜನ್ ಏರಿಸುವಾಗ ಯಾವ ಹರಿವಿನಲ್ಲಿ ಟಾರ್ಗೆಟ್ ಕೆಟ್ಟಿತೋ ಅದಕ್ಕಿಂತ ಬಹಳ ಕೆಳಗೆ ಇಳಿಸದೆ ಆ ಪದರ ಬಿಡುವುದಿಲ್ಲ. ಫಿಲ್ಮ್ ಕೂರುವ ಜಾಗಕ್ಕೆ ಅಡ್ಡವಾಗುವ ಶಟರ್ ಮುಚ್ಚಿ, ನೈಟ್ರೋಜನ್ ಪೂರ್ತಿ ನಿಲ್ಲಿಸಿ, ಡಿಸ್ಚಾರ್ಜ್ ವೋಲ್ಟೇಜ್ ಮೊದಲಿನ ಲೋಹದ ಮಟ್ಟಕ್ಕೆ ಬಂದು ನಿಲ್ಲುವವರೆಗೆ ಬರೀ ಆರ್ಗಾನ್‌ನಲ್ಲಿ ಓಡಿಸಿ. ಆಮೇಲೆ ವೋಲ್ಟೇಜ್ ನೋಡುತ್ತ ನೈಟ್ರೋಜನ್ ಹನಿಹನಿಯಾಗಿ ಏರಿಸಿ. ಅದಕ್ಕೂ ಬಗ್ಗದಿದ್ದರೆ ಆಮ್ಲಜನಕ ನುಸುಳುತ್ತಿರಬಹುದು: ಗ್ಯಾಸ್ ನಿಲ್ಲಿಸಿ, ಪಂಪ್ ಕಡೆಯ ವಾಲ್ವ್ ಮುಚ್ಚಿ, ಒತ್ತಡ ಎಷ್ಟು ಬೇಗ ಏರುತ್ತದೆಂದು ಗೇಜ್‌ನಲ್ಲಿ ನೋಡಿ. ಒಂದೇ ವೇಗದಲ್ಲಿ ಏರುತ್ತಲೇ ಹೋದರೆ ಸೋರಿಕೆ. ಏರಿ ನಿಧಾನವಾದರೆ ಗೋಡೆಯಲ್ಲಿ ಕೂತ ತೇವ.