ಸೈನಿಕರು, ಮಾಜಿ ಸೈನಿಕರು ಓಟು ಹಾಕುವಾಗ ಅಭ್ಯರ್ಥಿಯಲ್ಲಿ ಏನು ನೋಡುತ್ತಾರೆ?

ಎಲ್ಲರೂ ಒಂದೇ ಥರ ಯೋಚಿಸುವುದಿಲ್ಲ ಬಿಡಿ. ಹಾಸನದ ನಮ್ಮ ಮನೆಯಲ್ಲೇ ಇಬ್ಬರು ಸೈನ್ಯದಲ್ಲಿದ್ದವರು, ಇಬ್ಬರ ಪಕ್ಷವೂ ಬೇರೆ. ಆದರೆ ವೇದಿಕೆ ಮೇಲೆ ಯೋಧರಿಗೆ ಜೈಕಾರ ಹಾಕುವವರನ್ನು ಕಂಡರೆ ಇಬ್ಬರಿಗೂ ಅಷ್ಟಕ್ಕಷ್ಟೆ. ಪ್ರಚಾರಕ್ಕೆ ಸೈನಿಕರ ಫೋಟೊ ಬಳಸಬೇಡಿ ಎಂದು ಚುನಾವಣಾ ಆಯೋಗವೇ 2019ರಲ್ಲಿ ಪಕ್ಷಗಳಿಗೆ ಹೇಳಿತ್ತಲ್ವಾ.

ಬೇಕಿರುವುದು ಕೆಲಸ ಮಾಡಿಕೊಡುವವರು. ಮಾಜಿ ಸೈನಿಕರಿಗೆ ಸರ್ಕಾರಿ ಜಮೀನು ಮಂಜೂರಾತಿಯಲ್ಲಿ ಮೀಸಲು ಇದೆ. ನಮ್ಮ ಚಿಕ್ಕಪ್ಪ ಅರ್ಜಿ ಹಾಕಿ ವರ್ಷಗಳೇ ಆದವು. ಡಿಸ್ಚಾರ್ಜ್ ಪುಸ್ತಕ ಇಟ್ಟ ಪ್ಲಾಸ್ಟಿಕ್ ಕವರ್ ಹರಿದು, ಈಗ ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ. ಹೋದಾಗಲೆಲ್ಲ ‘ಮುಂದಿನ ವಾರ ಬನ್ನಿ’. ಅವರ ಓಟು ಆ ಫೈಲನ್ನು ಕದಲಿಸುವವರಿಗೆ.

ಪಿಂಚಣಿಯೂ ದೊಡ್ಡ ವಿಷಯ. ಒಂದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ಸೇವೆ ಮಾಡಿದವರಿಗೆ, ಯಾವಾಗ ನಿವೃತ್ತರಾದರೂ ಒಂದೇ ಪಿಂಚಣಿ ಎನ್ನುವ ‘ಒಂದು ಶ್ರೇಣಿ, ಒಂದು ಪಿಂಚಣಿ’ಯ ಆದೇಶ 2015ರಲ್ಲಿ ಬಂತು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಅದರ ಲೆಕ್ಕ ಗೊತ್ತಿಲ್ಲದೆ ಸುಮ್ನೆ ಭರವಸೆ ಕೊಟ್ಟರೆ ಇವರು ತಕ್ಷಣ ಹಿಡಿಯುತ್ತಾರೆ. ಮಕ್ಕಳನ್ನು ಸೇನೆಗೆ ಕಳಿಸುವ ಮನೆಗಳಲ್ಲಿ ಈಗ ಅಗ್ನಿಪಥದ ಪ್ರಶ್ನೆ ಜಾಸ್ತಿ. 2022ರಲ್ಲಿ ಬಂದ ಸೇನಾ ನೇಮಕಾತಿ ಯೋಜನೆ, ನಾಲ್ಕು ವರ್ಷದ ಸೇವೆ. ಶೇ 25ರವರೆಗೆ ಮಾತ್ರ ಮುಂದುವರಿಸುವ ನಿಯಮ. ಉಳಿದವರು ಊರಿಗೆ ಬಂದು ಏನು ಮಾಡಬೇಕು?

ಸೇವೆಯಲ್ಲಿರುವವರು ಪಕ್ಷ ಸೇರುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಅಂಚೆ ಮತ ಹಾಕಬಹುದು.

ಸೈನ್ಯದಲ್ಲಿದ್ದವರು ನಿಂತರೆ ಗೆಲ್ಲುತ್ತಾರಾ? ಏರ್ ಡೆಕ್ಕನ್ ವಿಮಾನ ಸಂಸ್ಥೆ ಕಟ್ಟಿದ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2009ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತು ಸೋತರು.